ನನ್ನ ಕಿಡ್ನಿ ಬೇಡ ಎಂದ ಅಣ್ಣನಿಗೆ

ಅಣ್ಣಾ,

ಮೊದಲು ಜಗಳ, ಆಮೇಲೆ ಸುದ್ದಿ.

ಅಡ್ಯಾರ್‌ನ ಆ ಡಯಾಲಿಸಿಸ್ ಸೆಂಟರಿನಲ್ಲಿ ನಿನ್ನ ಮಂಚದ ಪಕ್ಕ ಕೂತು ನಾನು ಕೇಳಿದ್ದು ನೆನಪಿದೆಯಾ? ನನ್ನ ಕಿಡ್ನಿ ನಿನಗೆ ಹೊಂದುತ್ತದೆ ಎಂದು ಡಾಕ್ಟರು ಹೇಳಿದ್ದರು. ನೀನು ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ.

"ಬೇಡ ವನಜಾ. ನಾಳೆ ನಿಂಗೇನಾದ್ರೂ ಆದ್ರೆ ಸಾಯೋವರೆಗೂ ನಾನು ಕೊರಗ್ಬೇಕು. ನನ್ ಕೈಲಾಗಲ್ಲ."

"ನಿಂಗೇನಾದ್ರೂ ಆದ್ರೆ ನನ್ ಗತಿ?"

"ನೀನೆಲ್ಲಿ ಕೊರಗ್ತೀಯ? ಬೈತೀಯ, ಅಷ್ಟೇ."

ಪಕ್ಕದ ಮಂಚದವರೂ ನಕ್ಕರು. ನೀನು ಹೋದ ಮೇಲೆ ಎರಡನ್ನೂ ಮಾಡುತ್ತಿದ್ದೇನೆ.

ಆ ವರಾಂಡ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಿಡ್ನಿ ಕೊಡಲು ಬಂದು ಕೂತವರೆಲ್ಲ ಹೆಚ್ಚುಕಡಿಮೆ ಹೆಂಗಸರೇ. ಹೆಂಡತಿ, ತಾಯಿ, ಅಕ್ಕತಂಗಿ. ಅವರಲ್ಲಿ ಎಷ್ಟು ಜನರನ್ನು ಮನೆಯವರು ಕೇಳಿದ್ದರೋ, ಎಷ್ಟು ಜನರಿಗೆ ಸುಮ್ಮನೆ ಹೇಳಿದ್ದರೋ! ನನ್ನನ್ನು ಯಾರೂ ದೂಡಿರಲಿಲ್ಲವಲ್ಲ ಅಣ್ಣಾ, ನಾನೇ ಬಂದಿದ್ದೆ. ನನ್ನ ಓದು, ಮದುವೆ, ಕೊನೆಗೆ ಈ ತಮಿಳು ಊರು, ಎಲ್ಲವನ್ನೂ ಬೇರೆಯವರು ತೀರ್ಮಾನಿಸಿದರು. ಒಂದೇ ಒಂದನ್ನು ನಾನು ತೀರ್ಮಾನಿಸಿದೆ, ಅದನ್ನು ನೀನು...

ಮುಂದೆ ಕೊರಗದ ಹಾಗೆ ಯೋಚಿಸಿ ಹೆಜ್ಜೆ ಇಡಬೇಕು ಎಂದು ನಾವಿಬ್ಬರೂ ಎಷ್ಟು ಪುಸ್ತಕಗಳಲ್ಲಿ ಓದಿಲ್ಲ? ಯಾರ ಕೊರಗು ಎಂದು ಒಂದಾದರೂ ಪುಸ್ತಕ ಕೇಳಿತೇ?

ಹೋದ ವರ್ಷ ಮೈಲಾಪೂರಿನ ಮನೆಗೆ ನಿನ್ನ ಮಗ ಕಿರಣ ಬಂದು ಸೋಫಾದ ತುದಿಯಲ್ಲಿ ಕೂತ. ಮುಖ ಊದಿತ್ತು. ಅವನು ಬಾಯಿ ಬಿಡುವ ಮೊದಲೇ ಗೊತ್ತಾಯಿತು. ಅಪ್ಪನಿಂದ ನಿನಗೆ ಬಂದದ್ದು ಅವನಿಗೂ ಬಂದಿತ್ತು. ನನ್ನೊಬ್ಬಳನ್ನು ಮಾತ್ರ ಅದು ಬಿಟ್ಟಿದೆ. ಅತ್ತಿಗೆಗೆ ಸಕ್ಕರೆ ಕಾಯಿಲೆ, ಕೊಡುವ ಹಾಗಿಲ್ಲ. ನಾನು ಕೊಡುತ್ತೇನೆ ಎಂದೆ.

"ವೇಂಡಾಂ, ಬೇಡ ಅತ್ತೆ. ನಿಮಗೇನಾದ್ರೂ ಆದ್ರೆ ಆ ಗಿಲ್ಟ್ ನನ್ನಿಂದ ತಡ್ಕೊಳಕ್ಕಾಗಲ್ಲ."

ಯಾರ ಮಗ!

"ನಿಮ್ಮಪ್ಪನೂ ಇದನ್ನೇ ಹೇಳಿ ಹೋದ ಕಣೋ. ಅವನಿಗೆ ಕೊರಗು ತಪ್ಪಿತು, ನಂಗೆ ಬಂತು. ಇನ್ನೊಂದನ್ನ ತಡ್ಕೊಳೋ ವಯಸ್ಸಲ್ಲ ನಂದು."

"ಆಪರೇಷನ್ ತಡ್ಕೊಳೋ ವಯಸ್ಸಾ ಅತ್ತೆ?"

"ಅದಕ್ಕೆ ಡಾಕ್ಟ್ರಿದ್ದಾರೆ. ಇದಕ್ಕೆ ಯಾರಿದ್ದಾರೆ?"

ಕೊನೆಗೆ ಅವನು ಹೂಂ ಎಂದ.

ಕೊಡುವವಳು ಅತ್ತೆ, ಕಾನೂನಿನ ಲೆಕ್ಕದಲ್ಲಿ ಹತ್ತಿರದವಳಲ್ಲ; ಅದಕ್ಕೆ ಸಮಿತಿಯೊಂದರ ಒಪ್ಪಿಗೆ ಬೇಕಿತ್ತು. "ಯಾರಾದರೂ ಬಲವಂತ ಮಾಡುತ್ತಿದ್ದಾರಾ ಅಮ್ಮ?" ಎಂದು ತಮಿಳಿನಲ್ಲಿ ಕೇಳಿದರು. ಈ ಜನ್ಮದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಹಾಗೆ ಕೇಳಿದ್ದು. ಇಲ್ಲ, ನನ್ನ ಇಷ್ಟ ಎಂದೆ. ಎರಡು ಸಲ ಹೇಳಿದೆ. ಒಂದು ನಿನಗೆ.

ಈಗ ಆಸ್ಪತ್ರೆಯಿಂದಲೇ ಬರೆಯುತ್ತಿದ್ದೇನೆ. ಹೊಲಿಗೆ ಎಳೆಯುತ್ತಿದೆ, ಕೆಮ್ಮಿದರೆ ಪ್ರಾಣ ಹೋಗುತ್ತದೆ. ಮುಂದೆ ಏನು ಬೇಕಾದರೂ ಆಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಏನಾದರೂ ಆದರೆ ಅಳುತ್ತೇನೆ. ಕೊಡಬಹುದಿತ್ತಲ್ಲ ಎಂದು ಮಾತ್ರ ಅಳುವುದಿಲ್ಲ.

ಕಿರಣನೊಳಗೆ ನನ್ನ ಕಿಡ್ನಿ ಕೆಲಸ ಶುರು ಮಾಡಿತೇ ಎಂದು ಎಲ್ಲರೂ ಕಾಯುತ್ತಿದ್ದೆವು. ಬೆಳಿಗ್ಗೆ ಅತ್ತಿಗೆ ಓಡಿ ಬಂದರು. ಸದಾ ಮೆಲ್ಲಗೆ ಮಾತಾಡುವ ನಿನ್ನ ಹೆಂಡತಿ ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದ್ದನ್ನೇ ನಿನಗೂ ತಿಳಿಸುತ್ತಿದ್ದೇನೆ: ನಿನ್ನ ಮಗ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದಾನೆ, ಅಣ್ಣಾ.

ನಿನ್ನ ತಂಗಿ,
ವನಜಾ