ಕಲ್ಲಿನ ಸಂದಿಯ ಮೊಳೆ

೧೪ ಜೂನ್ ೨೦೨೫, ಶನಿವಾರ. ಶಹಾಬಾದ್.

ಮೀಟರಿನ ಪಕ್ಕದ ಬ್ರೇಕರ್ ಇಂದೂ ನಾಲ್ಕು ಸಲ ತಾನಾಗಿ ಬಿದ್ದು ಕರೆಂಟು ಹೋಯಿತು. ವೈರ್‌ಮನ್ ದೇವಿಂದ್ರ ಬಂದವನೇ ಅದನ್ನು ಕಿತ್ತುಹಾಕಲು ಹೊರಟ.

"ಟೀಚರ್ರೀ, ಇದು ಖರಾಬ್ ಆಗ್ಯಾದ್ರಿ. ಡೈರೆಕ್ಟ್ ಕೊಟ್ಟುಬಿಡ್ತೀನಿ, ಆರಾಮ ಇರ್ರಿ."

"ಕೊಡ್ಲಿ ಬಿಡಕ್ಕ, ಸೆಕಿಗಿ ಸಾಯಾಕತ್ತೀನಿ," ಎಂದಳು ತಂಗಿ ನೀಲಾಬಾಯಿ.

ನಾನು ಒಪ್ಪಲಿಲ್ಲ. ಗೋಡೆಯೊಳಗೆ ವೈರು ಸುಡುತ್ತಿದ್ದರೆ ಆಮೇಲೆ ನಮಗೆ ತಿಳಿಸುವವರು ಯಾರು? ಒಂದೊಂದೇ ಕೋಣೆಯ ವೈರು ಬಿಚ್ಚಿ ಪರೀಕ್ಷಿಸಬೇಕೆಂದು ಪಟ್ಟು ಹಿಡಿದೆ.

"ರಿಟೈರ್ ಆದ್ರೂ ಪರೀಕ್ಷಾ ಬಿಡಂಗಿಲ್ಲಲ್ರಿ ನೀವು!" ಎಂದು ಗೊಣಗಿದನಾದರೂ ಮಾಡಿದ.

ಪಡಸಾಲೆಯ ವೈರು ಬಿಚ್ಚಿದಾಗ ಬ್ರೇಕರ್ ಬೀಳದೆ ನಿಂತಿತು. ನಮ್ಮೂರಿನ ಕಲ್ಲಿನ ಗೋಡೆಗೆ ಮೊಳೆ ಇಳಿಯದೆಂದು ಎಲ್ಲರೂ ಕಲ್ಲುಗಳ ಸಂದಿಗೇ ಹೊಡೆಯುತ್ತೇವೆ. ವೈರನ್ನು ಎಳೆಯುವುದೂ ಅದೇ ಸಂದಿಯಲ್ಲಿ. ನನ್ನ ಬೀಳ್ಕೊಡುಗೆಯ ಫೋಟೋ ಇಳಿಸಿ ಮೊಳೆ ಕಿತ್ತರೆ, ವೈರಿಗೆ ತಾಗಿದ್ದ ತುದಿ ಸುಟ್ಟು ಕರಿಯಾಗಿತ್ತು.

"ಇದ್ಯಾರು ಹೊಡ್ದಿದ್ರಿ?"

"ನಾನೇ."

ನೀಲಾ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಪ್ಪು ನನ್ನದೇ, ಇಬ್ಬರ ಎದುರಿಗೂ ಹೇಳಿದೆ. ಬ್ರೇಕರನ್ನು ಮಾತ್ರ ಮುಟ್ಟಗೊಡಲಿಲ್ಲ.

ನಾಳೆ ಹೊಸ ವೈರು ಎಳೆಯುವವರೆಗೆ ಪಡಸಾಲೆಯಲ್ಲಿ ಫ್ಯಾನಿಲ್ಲ. ನೀಲಾ ನನ್ನನ್ನು ಬೈಯುತ್ತಲೇ ಹೊರಳಾಡುತ್ತಿದ್ದಾಳೆ. ಬೈಯಲಿ, ಸುಡದೆ ಉಳಿದ ಮನೆಯಲ್ಲಿ ಮಲಗಿ ಬೈಯುತ್ತಿದ್ದಾಳಲ್ಲ.