ಗೋಲ್‌ಕೀಪರಳ ಗೈರುವಾರ

ಉಳ್ಳಾಲ, ಮೂರನೇ ದಂಡೆ
೨೪೧೯ನೆಯ ಇಸವಿ, ಕೊಸರು ತಿಂಗಳ ಇಪ್ಪತ್ತೊಂಬತ್ತು

ನಾಲ್ಕು ಶತಮಾನ ಹಿಂದಿರುವ ಮಾನ್ಯರೇ,

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ಎಲ್ಲ ತಿಂಗಳುಗಳನ್ನೂ ಇಪ್ಪತ್ತೆಂಟು ದಿನಕ್ಕೆ ಕತ್ತರಿಸಿ, ಉಳಿದ ಚೂರುಗಳನ್ನು ಒಟ್ಟುಮಾಡಿ ಡಿಸೆಂಬರಿನ ಕೊನೆಗೆ ಹದಿಮೂರನೆಯದೊಂದನ್ನು ಅಂಟಿಸಿದ್ದೇವೆ. ಅದಕ್ಕೆ ಕೊಸರು ಎಂದು ಹೆಸರು. ಮೂರನೇ ದಂಡೆ ಎಂದರೆ ನಮ್ಮ ಊರು ಈಗ ಇರುವ ದಡ; ಮೊದಲೆರಡನ್ನು ಸಮುದ್ರ ತೆಗೆದುಕೊಂಡಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಚರಂಡಿಗೆ ಎಸೆದ ಕಾಗದಗಳನ್ನು ಓದಿ. ಹಾಗಾಗಿ ನನಗೆ ಸೀರೆ ಮಳಿಗೆಯ ರಿಯಾಯಿತಿ, ಮೂಲವ್ಯಾಧಿ ಚಿಕಿತ್ಸೆ ಮತ್ತು ಕ್ರೀಡೆ, ಈ ಮೂರು ವಿಷಯಗಳಲ್ಲಿ ಮಾತ್ರ ಸರಾಗವಾಗಿ ಬರೆಯಲು ಬರುತ್ತದೆ.

ನನ್ನ ಹೆಸರು ವಾರಿಜಾ ಕರ್ಕೇರ. ವಯಸ್ಸು ಅರುವತ್ತೊಂದು. ಕಸುಬು ಚರಂಡಿ. ಹೀಗೆ ಬರೆಯುವಾಗ ಸ್ವಲ್ಪ ಜಂಬ ಬಂದರೆ ಮನ್ನಿಸಬೇಕು, ಏಕೆಂದರೆ ನಮ್ಮಲ್ಲಿ ಇದಕ್ಕಿಂತ ದೊಡ್ಡ ಕಸುಬಿಲ್ಲ. ದಿನಕ್ಕೆ ಹನ್ನೆರಡು ಸೇರು ಸಂಬಳ. ಒಂದು ಸೇರೆಂದರೆ ಒಬ್ಬರ ಅನ್ನ, ಮೀನು, ಬಾಡಿಗೆ ಎಲ್ಲ ಮುಗಿದು ಸಂಜೆ ಒಂದು ಚಹಾಕ್ಕೂ ಉಳಿಯುವಷ್ಟು. ಮಕ್ಕಳ ಕೋಣೆಯ ಗೋಡೆಗಳಲ್ಲಿ ನನ್ನ ಚಿತ್ರವಿದೆ. ಗಂಬೂಟಿನ ಜಾಹೀರಾತಿನಲ್ಲಿ ನಗುತ್ತಿರುವವಳೂ ನಾನೇ. ಎಂಟು ವರ್ಷದ ಹಿಂದೆ ಮಲ್ಪೆಯವರು ನನ್ನನ್ನು ತಮ್ಮ ಊರಿಗೆ ಬಿಟ್ಟುಕೊಟ್ಟರೆ ಒಂದು ದೋಣಿಯನ್ನೇ ಕೊಡುತ್ತೇವೆಂದು ಬಂದಿದ್ದರು. ನಾನು ಹೋಗಲಿಲ್ಲ. ಅಲ್ಲಿನ ಚರಂಡಿಗಳಿಗೆ ಇಳಿಜಾರೇ ಇಲ್ಲ.

ಈ ಸಂಬಳವನ್ನು ಯಾರೋ ಕೃಪೆಮಾಡಿ ಕೊಟ್ಟದ್ದಲ್ಲ, ಗೈರುವಾರ ಕೊಟ್ಟದ್ದು. ಗೈರುವಾರವೆಂದರೆ ಏನೆಂದು ಹೇಳುತ್ತೇನೆ. ವರ್ಷದಲ್ಲಿ ಒಂದು ವಾರ ಪ್ರತಿಯೊಂದು ಕಸುಬಿನವರೂ ಸರದಿಯಂತೆ ಕೆಲಸ ನಿಲ್ಲಿಸಬೇಕು, ಪೂರ್ತಿಯಾಗಿ, ಮನೆಯೊಳಗೂ. ಅಡುಗೆಯವರ ವಾರದಲ್ಲಿ ಅಡುಗೆಯವರು ತಮ್ಮ ಮನೆಯಲ್ಲೂ ಸೌಟು ಮುಟ್ಟುವಂತಿಲ್ಲ. ಮೇಷ್ಟ್ರ ವಾರದಲ್ಲಿ ಮೇಷ್ಟ್ರು ಹೆಂಡತಿಯ ತಪ್ಪನ್ನೂ ತಿದ್ದುವಂತಿಲ್ಲ. ಆ ವಾರ ಏನೇನು ಕಡಿಮೆಯಾಯಿತೆಂದು ಊರಿನ ಪ್ರತಿಯೊಬ್ಬರೂ ಬರೆದು ತೂಕದ ಸಭೆಗೆ ಕೊಡಬೇಕು, ಸಭೆ ಅದರ ಮೇಲೆ ಸಂಬಳ ಕಟ್ಟುತ್ತದೆ. ನಾವು ಚರಂಡಿಯವರು ಮೊದಲ ಬಾರಿ ಗೈರಾದಾಗ ಊರು ಎರಡೇ ದಿನ ತಡೆಯಿತು. ಮೂರನೇ ದಿನ ಸಭೆಯವರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಮ್ಮ ಮನೆಬಾಗಿಲಿಗೆ ಬಂದರು. ಸಲಹೆಗಾರರೆಂಬ ಕಸುಬಿನವರು ಗೈರಾದದ್ದು ಮಾತ್ರ ಯಾರಿಗೂ ಗೊತ್ತಾಗದೆ, ಅವರು ಇನ್ನೂ ಗೈರಿನಲ್ಲೇ ಇದ್ದಾರೆ.

ಈಗ ಈ ಪತ್ರದ ಕಾರಣಕ್ಕೆ ಬರುತ್ತೇನೆ. ಹೋದ ವರ್ಷ ಹಳೆಯ ಕೊಳವೆಯೊಂದನ್ನು ಬಿಡಿಸುವಾಗ ನಿಮ್ಮ ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿತು, ನಾನೂರು ವರ್ಷವಾದರೂ ಒಂದು ತೂತಿಲ್ಲ. ಒಳಗೆ ದಿನಪತ್ರಿಕೆಯ ಹಾಳೆ. ಅದರಲ್ಲಿ ಫುಟ್‌ಬಾಲ್ ಆಡುವ ಒಬ್ಬ ಯುವಕನ ಚಿತ್ರ, ಕೆಳಗೆ ಅವನ ವರ್ಷದ ಸಂಬಳ. ಸೊನ್ನೆಗಳನ್ನು ಎಣಿಸಿದೆ, ಒಂಬತ್ತು. ಅದೇ ಹಾಳೆಯ ಮೂಲೆಯಲ್ಲಿ ಪೌರಕಾರ್ಮಿಕರ ಬಾಕಿ ಸಂಬಳದ ಸುದ್ದಿಯೂ ಇತ್ತು. ಅಲ್ಲಿ ಸೊನ್ನೆಗಳು ಅಷ್ಟಿರಲಿಲ್ಲ. ನಾನು ಹಾಳೆಯನ್ನು ನಮ್ಮ ಹಳಮೆ ಶೋಧಕರಿಗೆ ತೋರಿಸಿದೆ. ಒಬ್ಬರು, ಇದು ಅಚ್ಚಿನ ತಪ್ಪು ಎಂದರು. ಇನ್ನೊಬ್ಬರು, ಆತ ಆಟ ಮುಗಿಸಿ ರಾತ್ರಿಯೆಲ್ಲ ಊರಿನ ಸೇತುವೆಗಳನ್ನೂ ಕಟ್ಟುತ್ತಿದ್ದಿರಬೇಕು ಎಂದರು. ಮೂರನೆಯವರು, ನಿಮ್ಮ ಕಾಲದಲ್ಲಿ ಸೊನ್ನೆಗಳು ಬರೀ ಅಲಂಕಾರ, ರಂಗೋಲಿಯ ಚುಕ್ಕಿಗಳಿದ್ದ ಹಾಗೆ ಎಂದು ಪ್ರಬಂಧವನ್ನೇ ಬರೆದು ಬಹುಮಾನ ಪಡೆದರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಏಕೆಂದರೆ ನನ್ನ ಒಬ್ಬಳೇ ಮಗಳು ಶಮಿತಾ ಉಳ್ಳಾಲ ತಂಡದ ಗೋಲ್‌ಕೀಪರ್. ಅವಳ ಸಂಬಳ ದಿನಕ್ಕೆ ಒಂದು ಸೇರು. ಪಟ್ಟಿಯಲ್ಲಿ ಅದಕ್ಕಿಂತ ಕೆಳಗೆ ಯಾರೂ ಇಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅವಳು ಆಡಲು ತೊಡಗಿ ಏಳು ವರ್ಷವಾಯಿತು. ಫುಟ್‌ಬಾಲಿನವರ ಗೈರುವಾರ ಬಂದಾಗಲೆಲ್ಲ ನಾನು ನನ್ನ ಚೀಟಿಯಲ್ಲಿ, ಏನೂ ಕಡಿಮೆಯಾಗಲಿಲ್ಲ ಎಂದೇ ಬರೆದಿದ್ದೇನೆ. ಏಳು ಸಲವೂ. ಚೀಟಿಗಳನ್ನು ಸಭೆಯ ಗೋಡೆಗೆ ಅಂಟಿಸುತ್ತಾರೆ, ಹೆಸರಿನ ಸಮೇತ. ಅವಳು ಓದಿದ್ದಾಳೆ. ನಾನು ಅವಳ ಆಟವನ್ನು ಒಂದು ಸಲವೂ ನೋಡಿದವಳಲ್ಲ. ಚೆಂಡು ಬರುತ್ತದೆ, ಹಿಡಿಯುತ್ತಾಳೆ, ಇದರಲ್ಲಿ ನೋಡುವುದೇನಿದೆ ಎಂದುಕೊಂಡಿದ್ದೆ. ಪ್ರಾಮಾಣಿಕಳಾಗಿ ಬರೆಯುತ್ತಿದ್ದೇನೆ ಎಂಬ ಸೊಕ್ಕು ಬೇರೆ.

ಹಿಂದಿನ ವರ್ಷಗಳಲ್ಲಿ ಅವರ ಗೈರುವಾರ ಆಟಿ ತಿಂಗಳ ಜಡಿಮಳೆಯಲ್ಲಿ ಬೀಳುತ್ತಿತ್ತು. ಮೈದಾನದಲ್ಲಿ ಸೊಂಟದ ಮಟ್ಟ ನೀರು, ಹೇಗೂ ಆಟವಿಲ್ಲ, ಕಡಿಮೆಯಾದದ್ದು ತಿಳಿಯುವುದಾದರೂ ಹೇಗೆ? ಈ ಸಲ ಚೀಟಿ ಎತ್ತಿದಾಗ ಕೊಸರು ತಿಂಗಳೇ ಬಂತು, ಆಟಗಳು ಜೋರಾಗಿರುವ ಕಾಲ. ಸಭೆಯವರು ಇದೇ ಕೊನೆಯ ಪರೀಕ್ಷೆ ಎಂದರು. ಈ ವಾರವೂ ಊರಿಗೆ ಏನೂ ಕಡಿಮೆಯಾಗದಿದ್ದರೆ ಫುಟ್‌ಬಾಲು ಕಸುಬುಗಳ ಪಟ್ಟಿಯಿಂದ ಹೊರಗೆ, ಮೈದಾನ ಮೀನು ಒಣಗಿಸುವವರಿಗೆ, ಆಟಗಾರರು ಉಪ್ಪುನೀರಿನ ಘಟಕಕ್ಕೆ. ವಾರದ ನಡುವೆ ಆಟಗಾರರಲ್ಲಿ ಯಾರಾದರೂ ಕಸುಬು ಮಾಡಿ ಸಿಕ್ಕಿಬಿದ್ದರೆ ಗೈರು ಮುರಿದಂತೆ, ಇಡೀ ತಂಡಕ್ಕೆ ಒಂದು ವರ್ಷ ಸಂಬಳವಿಲ್ಲ.

ಗೋಲ್‌ಕೀಪರಳ ಕಸುಬು ಹಿಡಿಯುವುದು. ಆದ್ದರಿಂದ ಶಮಿತಾ ಆ ವಾರ ಮನೆಯಲ್ಲಿ ಏನನ್ನೂ ಹಿಡಿಯಲಿಲ್ಲ. ಬಟ್ಟಲು ಮೇಜಿನಿಂದ ಜಾರಿದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತಿದ್ದಳು. ಎದುರುಮನೆಯ ಗ್ರೆಟ್ಟಾ ಬಾಯಿ ದಿನವೂ ಮಹಡಿಯಿಂದ ಬೀಗದ ಕೈ ಎಸೆಯುವುದು, ಇವಳು ಹಿಡಿಯುವುದು ಅಭ್ಯಾಸ. ಆ ವಾರ ಕೀಲಿ ನೇರವಾಗಿ ಜಗಲಿಯಲ್ಲಿದ್ದ ನಮ್ಮ ಮೀನುಸಾರಿನ ಮಡಕೆಗೆ ಬಿತ್ತು. ಮೂರು ದಿನದಲ್ಲಿ ನಮ್ಮ ಮನೆಯಲ್ಲಿ ಗಾಜಿನದೆಂಬುದು ಏನೂ ಉಳಿಯಲಿಲ್ಲ.

ಬೀದಿಯಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಉಳ್ಳಾಲದವರು ಆದಿತ್ಯವಾರ ಮೈದಾನದ ಸುತ್ತ ನಿಂತು ಹನ್ನೊಂದು ಜನರನ್ನು ಮನಸಾರೆ ಬಯ್ಯುತ್ತಾರೆ, ಸೋಮವಾರದಿಂದ ಶನಿವಾರದವರೆಗೆ ಅದನ್ನೇ ಮೆಲುಕು ಹಾಕುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಆಟ ನಿಂತಿತು, ಬಯ್ಗುಳ ನಿಲ್ಲಲಿಲ್ಲ. ಅದು ಹೋಗಲು ಜಾಗವಿಲ್ಲದೆ ಊರೆಲ್ಲ ಹರಡಿತು. ಕಟ್ಟಿದ ನೀರು ಎಲ್ಲಿಗೆ ಹೋಗುತ್ತದೆಂದು ನಲವತ್ತು ವರ್ಷದಿಂದ ಬಲ್ಲ ನಾನೇ ಇದನ್ನು ಊಹಿಸಲಿಲ್ಲ. ಎರಡನೇ ದಿನ ಜನ ರೊಟ್ಟಿಯಂಗಡಿಯ ಮುಂದೆ ನಿಂತು ಹಿಟ್ಟು ನಾದುವ ಕ್ರಮ ಸರಿಯಿಲ್ಲವೆಂದು ಕೂಗಿದರು. ಮೂರನೇ ದಿನ ಹಲ್ಲಿನ ವೈದ್ಯರ ಕಿಟಕಿಯಲ್ಲಿ ಇಪ್ಪತ್ತು ಮುಖಗಳು. ಒಳಗೆ ಬಾಯಿ ತೆರೆದು ಕುಳಿತಿದ್ದ ರೋಗಿಗೂ ಬೈದರಂತೆ, ಸಾಕಷ್ಟು ತೆರೆದಿಲ್ಲ ಎಂದು.

ಏಳನೇ ದಿನ ಬಯ್ಗುಳ ತಿನ್ನುವ ಸರದಿ ನನ್ನದು. ಸಂತೆಬೀದಿಯ ದೊಡ್ಡ ಗುಂಡಿಯ ಮುಚ್ಚಳ ತೆಗೆದು, ಕೋಲು ಇಳಿಸುತ್ತಿದ್ದೆ. ನಲವತ್ತು ವರ್ಷದಲ್ಲಿ ಈ ಊರಿನಲ್ಲಿ ನನಗೆ ಎದುರಾಡಿದವರಿಲ್ಲ. ಅಂಥ ನನ್ನ ಬೆನ್ನ ಹಿಂದೆ, ದೋಣಿ ಬಿಟ್ಟು ನಿವೃತ್ತರಾದ ಇದಿನಬ್ಬ ಬಂದು ನಿಂತರು. “ಎಂತ ವಾರಿಜಕ್ಕ, ಕೋಲು ಹಿಡಿಯುವುದು ಹೀಗಾ? ಎಡಕ್ಕೆ, ಎಡಕ್ಕೆ ಕೊಡಿ ಮಾರಾಯ್ರೆ!” ಗ್ರೆಟ್ಟಾ ಬಾಯಿಯೂ ಮಹಡಿಯಿಂದ ಇಳಿದುಬಂದರು. “ಅವರಿಗೆ ವಯಸ್ಸಾಯ್ತು, ಬದಲಿ ಇಳಿಸಿ! ಕೂರಿಸಿ ಅವರನ್ನು!” ನನ್ನ ಬುತ್ತಿ ತಂದಿದ್ದ ಶಮಿತಾ ಎದುರಿನ ಕಟ್ಟೆಯಲ್ಲಿ ಕೈಕಟ್ಟಿ ಕುಳಿತು, ನಗು ತಡೆಯುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ನಿಮಗೇನು ಗೊತ್ತು ಎಂದು ಗದರಿಸಲು ತಿರುಗಿದೆ, ಪಾಚಿಯ ಮೇಲೆ ಕಾಲು ಜಾರಿತು, ಬೆನ್ನು ಕೆಳಗಾಗಿ ಗುಂಡಿಯ ಬಾಯಿಗೆ ಹೋದೆ. ಮೂರಾಳು ಆಳ, ಕೆಳಗೆ ಕಸ ತಡೆಯುವ ಕಬ್ಬಿಣದ ಹಲ್ಲುಗಳು.

ಆಮೇಲೆ ಆದದ್ದನ್ನು ನಾನು ಆಕಾಶ ನೋಡುತ್ತ ಕಂಡೆ. ಕಟ್ಟೆ ನನ್ನಿಂದ ಐದು ಹೆಜ್ಜೆ ದೂರ. ಶಮಿತಾ ಹೆಜ್ಜೆ ಇಡಲಿಲ್ಲ. ಅಡ್ಡಡ್ಡ ಹಾರಿದಳು, ಇಡೀ ಮೈ ನೆಲದಿಂದ ಮೇಲೆ, ಕೈ ಮುಂದೆ. ನಾನು ಇದ್ದ ಕಡೆಗಲ್ಲ, ನಾನು ಇನ್ನೂ ತಲುಪದಿದ್ದ ಕಡೆಗೆ. ಒಂದೇ ಕೈಯಲ್ಲಿ ನನ್ನ ಸೊಂಟದ ಪಟ್ಟಿ ಹಿಡಿದು, ನೆಲಕ್ಕೆ ಬಿದ್ದು, ಉರುಳಿ, ನನ್ನನ್ನು ತನ್ನ ಎದೆಯ ಮೇಲೆ ಎಳೆದುಕೊಂಡಳು. ಅವಳ ಮೊಣಕೈಯ ಚರ್ಮ ರಸ್ತೆಯಲ್ಲಿ ಉಳಿಯಿತು. ಆಮೇಲೆ ಇದಿನಬ್ಬರ ದನಿ. “ಒಂದು ಕೈಯಾ? ಎರಡು ಕೈ ಹಾಕ್ಬೇಕಿತ್ತು ಮಾರಾಯ್ತಿ!” ಗ್ರೆಟ್ಟಾ ಬಾಯಿ ಸುಮ್ಮನಿರುವರೆ? “ಲೇಟ್, ಲೇಟ್! ಕಾಲು ಮೊದಲೇ ಎತ್ತಬೇಕಿತ್ತು!” ಇಬ್ಬರ ಮುಖದಲ್ಲೂ ಏಳು ದಿನದಿಂದ ಕಾಣದ ಕಳೆ. ಕಣ್ಣಲ್ಲಿ ನೀರು. ಬಯ್ಯುತ್ತಲೇ ಅವಳನ್ನು ಎಬ್ಬಿಸಿ, ಬಯ್ಯುತ್ತಲೇ ಗಾಯ ತೊಳೆದರು.

ನಿನ್ನೆ ತೂಕದ ಸಭೆ ಸೇರಿತು. ಈ ಸಲ ಗೋಡೆಯಲ್ಲಿ ಚೀಟಿಗಳಿಗೆ ಜಾಗ ಸಾಲಲಿಲ್ಲ. ಹಲ್ಲಿನ ವೈದ್ಯರೊಬ್ಬರೇ ನಾಲ್ಕು ಹಾಳೆ ಬರೆದಿದ್ದರು. ಫುಟ್‌ಬಾಲು ಪಟ್ಟಿಯಲ್ಲಿ ಉಳಿಯಲಿ, ಸಂಬಳ ಮೂರು ಸೇರಾಗಲಿ ಎಂದು ತೀರ್ಮಾನವಾಯಿತು. ಆದರೆ ಹಿಡಿದದ್ದನ್ನು ಇಡೀ ಬೀದಿ ನೋಡಿತ್ತು. ಗೈರು ಮುರಿಯಿತೇ ಇಲ್ಲವೇ? ನಿಯಮದಲ್ಲಿ ಒಂದು ಸಂದಿಯುಂಟು: ಜೀವ ಹೋಗುವ ಹೊತ್ತಿನಲ್ಲಿ ಮನೆಯವರು ಮನೆಯವರಿಗಾಗಿ ಮಾಡಿದ್ದು, ಯಾವ ಮನೆಯವರೂ ಮಾಡಬಲ್ಲಂಥದ್ದಾದರೆ, ಕಸುಬೆನಿಸುವುದಿಲ್ಲ. ಅಧ್ಯಕ್ಷ ಜಯಶೀಲ ಅಮೀನರು ನನ್ನನ್ನು ನಿಲ್ಲಿಸಿದರು. “ವಾರಿಜಕ್ಕ, ಒಂದೇ ಪ್ರಶ್ನೆ ಉಂಟು. ನಿಮ್ಮನ್ನು ಹಿಡಿದದ್ದು ಮಗಳಾ, ಗೋಲ್‌ಕೀಪರಾ?”

ಮಗಳು ಎಂದರೆ ಮುಗಿಯಿತು, ಎಲ್ಲರಿಗೂ ಅದೇ ಬೇಕಿತ್ತು. ಇದಿನಬ್ಬರು ದೂರದಿಂದ ಕಣ್ಣುಸನ್ನೆ ಮಾಡುತ್ತಿದ್ದರು. ತಂಡದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಶಮಿತಾ ಮಾತ್ರ ತಲೆ ತಗ್ಗಿಸಿ, ಕಟ್ಟು ಹಾಕಿದ ಮೊಣಕೈಯನ್ನು ಸವರಿಕೊಳ್ಳುತ್ತಿದ್ದಳು. ನಾನು ಏನು ಹೇಳುತ್ತೇನೆಂದು ಅವಳಿಗೆ ಮೊದಲೇ ಗೊತ್ತಿದ್ದ ಹಾಗಿತ್ತು. ಏಳು ಚೀಟಿ ಓದಿದವಳಲ್ಲವೇ. ನನಗೆ ಅಳು ಬಂತು, ನಾಚಿಕೆಯೂ ಆಯಿತು.

“ಮಗಳಾದರೆ ಕಿರುಚುತ್ತಿದ್ದಳು ಅಮೀನರೇ,” ಎಂದೆ. “ಯಾವ ಮಗಳಿಂದಲೂ ಅದು ಆಗುವುದಿಲ್ಲ. ನನ್ನನ್ನು ಹಿಡಿದದ್ದು ಗೋಲ್‌ಕೀಪರ್.”

ಸಭೆಯಲ್ಲಿ ಗದ್ದಲವೆದ್ದಿತು. ಇದಿನಬ್ಬರು ಹಣೆ ಚಚ್ಚಿಕೊಂಡರು. ಹನ್ನೊಂದು ಜನರಿಗೂ ಒಂದು ವರ್ಷ ಸಂಬಳವಿಲ್ಲವೆಂದು ಅಮೀನರು ಒಲ್ಲದ ಮನಸ್ಸಿನಿಂದ ಬರೆಸಿದರು. ವರ್ಷಪೂರ್ತಿ ಹನ್ನೊಂದು ಜನರ ಊಟ ನನ್ನ ಹನ್ನೆರಡು ಸೇರಿನಲ್ಲಿ ಎಂದು ಅಲ್ಲೇ ಹೇಳಿಬಂದೆ. ಗೋಲ್‌ಕೀಪರಳದು ಎರಡು ತಟ್ಟೆ. ಮನೆಗೆ ನಡೆಯುವಾಗ ಸೇತುವೆಯ ಹತ್ತಿರ ಶಮಿತಾ ಕೇಳಿದಳು. “ಅಮ್ಮ, ನಿನಗೆ ಮಂಡೆ ಸಮ ಉಂಟಾ? ಒಂದು ವರ್ಷದ ಸಂಬಳ ಹೋಯ್ತಲ್ಲ.” ಹತ್ತು ಹೆಜ್ಜೆ ಹೋದ ಮೇಲೆ, “ಸಭೆಯಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಹೇಳು ನೋಡುವ,” ಎಂದಳು. ಮನೆ ತಲುಪುವುದರೊಳಗೆ ಮೂರು ಸಲ ಹೇಳಿಸಿದಳು.

ಮಾನ್ಯರೇ, ನಿಮ್ಮ ಒಂಬತ್ತು ಸೊನ್ನೆಗಳು ಹುಚ್ಚೆಂದು ನಾನು ಈಗಲೂ ಹೇಳುತ್ತೇನೆ. ನಿಮ್ಮ ಚರಂಡಿಯವರಿಗೆ ಕೊಡಬೇಕಾದುದನ್ನು ಕೊಟ್ಟು, ಉಳಿದರೆ ಆಡುವವರಿಗೆ ಎಷ್ಟು ಬೇಕಾದರೂ ಕೊಡಿ. ಆದರೆ ನಾನು ಏಳು ವರ್ಷ ಬರೆದ ಒಂದೇ ಸೊನ್ನೆಯೂ ಅಷ್ಟೇ ದೊಡ್ಡ ಹುಚ್ಚು, ಮತ್ತು ನಾನು ಅದನ್ನು ಆಟ ನೋಡದೆಯೇ ಬರೆದಿದ್ದೆ. ನನ್ನ ಬೇಡಿಕೆ ಇಷ್ಟೇ: ನಿಮ್ಮ ಬೀದಿಯಲ್ಲಿ ಗೋಲ್‌ಕೀಪರನ ತಾಯಿಯೊಬ್ಬಳು ಇದ್ದರೆ, ಅವಳನ್ನು ಒಮ್ಮೆ ಕೈಹಿಡಿದು ಮೈದಾನಕ್ಕೆ ಕರೆದುಕೊಂಡು ಹೋಗಿ. ಈ ಪತ್ರವನ್ನು ನಿಮ್ಮದೇ ಚೀಲದಲ್ಲಿ ಕಟ್ಟಿ ಚರಂಡಿಗೆ ಬಿಡುತ್ತಿದ್ದೇನೆ. ಅಲ್ಲಿ ಏನೂ ಹಿಂದಕ್ಕೆ ಹರಿಯುವುದಿಲ್ಲ ಎನ್ನುವವರಿಗೆ ಆ ಕೆಲಸದ ಗಂಧವೇ ಇಲ್ಲ.

ಇನ್ನು ಬರೆಯಲು ಹೊತ್ತಿಲ್ಲ. ನಾಲ್ಕು ಗಂಟೆಗೆ ಆಟ, ಸಂಬಳವಿಲ್ಲದಿದ್ದರೂ ಹನ್ನೊಂದು ಜನರೂ ಆಗಲೇ ಮೈದಾನದಲ್ಲಿದ್ದಾರೆ. ಎಲ್ಲಿ ಬೇಕಾದರೂ ಕೂರು, ಗೋಲಿನ ಹಿಂದೆ ಮಾತ್ರ ಕೂರಬೇಡ, ನಿನ್ನ ಸ್ವರ ಕೇಳಿದರೆ ಚೆಂಡು ಬಿಟ್ಟುಬಿಡುತ್ತೇನೆ ಎಂದು ಶಮಿತಾ ಖಡಾಖಂಡಿತವಾಗಿ ಹೇಳಿ ಹೋಗಿದ್ದಾಳೆ. ನಾನು ಗೋಲಿನ ಹಿಂದೆಯೇ ಕೂರುವವಳು.

ನಿಮ್ಮವಳೇ ಆದ,
ವಾರಿಜಾ ಕರ್ಕೇರ