ಪೂಜೆಗಿಟ್ಟ ಚಾಕು

ಸಿರುಗುಪ್ಪ
ಮಂಗಳವಾರ

ಅವ್ವಾ,

ಈ ಸಲ ಆಯುಧ ಪೂಜೆಗೆ ಕುರುಗೋಡಿಗೆ ಬರುತ್ತೇನೆ. ನಾನು ಓಡಿಸುವ ಆಂಬುಲೆನ್ಸನ್ನೂ ತರುತ್ತೇನೆ. ನಿಂಬೆಹಣ್ಣು, ಚೆಂಡುಹೂವು ತರಿಸಿಡು. ನನ್ನ ಮಡಚುವ ಚಾಕುವನ್ನು ಮಾತ್ರ ಪೂಜೆಗೆ ಕೇಳಬೇಡ.

ಅದು ಹಣ್ಣು ಹೆಚ್ಚುವ ಚಾಕುವಲ್ಲ. ಒಂದೇ ಕೈಯಲ್ಲಿ ಬಿಚ್ಚಬಹುದು, ಬಿಚ್ಚಿದ ಮೇಲೆ ಬೆರಳ ಮೇಲೆ ಮಡಚಿಕೊಳ್ಳುವುದಿಲ್ಲ. ಹಿಡಿಯ ತುದಿಯ ಉಕ್ಕಿನ ಮೊನೆ ಕಾರಿನ ಗಾಜು ಒಡೆಯುತ್ತದೆ. ಪಕ್ಕದ ಕೊಕ್ಕೆ ಸೀಟ್ ಬೆಲ್ಟನ್ನು ಒಂದೇ ಎಳೆತಕ್ಕೆ ಕತ್ತರಿಸುತ್ತದೆ.

ಹೋದ ವರ್ಷ ಪೂಜೆ ಮುಗಿಸಿ ಹೊರಡುವಾಗ ಅದನ್ನು ಎತ್ತಿಕೊಳ್ಳಲು ಹೋದೆ. "ಪೂಜಿಗಿಟ್ಟಿದ್ದು ಇವತ್ತು ಕದಲಿಸಬಾರ್ದಪ್ಪ. ನಾಳಿ ನಿನ್ ತಂಗಿ ಕೈಯಾಗ ಕಳಸ್ತೀನಿ," ಅಂದೆ ನೀನು. ವಾದಿಸಲು ಮನಸ್ಸಾಗದೆ ಬಿಟ್ಟು ಬಂದೆ.

ಆ ಸಲ ಆಂಬುಲೆನ್ಸ್ ತಂದಿರಲಿಲ್ಲ. ದಾರಿಯಲ್ಲಿ ಕಾರೊಂದು ತುಂಬಿ ಹರಿಯುವ ಕಾಲುವೆಗೆ ಮಗುಚಿತ್ತು. ನಾನೂ ಅಲ್ಲಿ ಸೇರಿದ್ದವರೂ ಕಲ್ಲಿನಿಂದ ಗಾಜು ಒಡೆದು ಇಬ್ಬರನ್ನು ಹೊರಗೆಳೆದೆವು. ಓಡಿಸುತ್ತಿದ್ದ ಹೆಣ್ಣುಮಗಳ ಬೆಲ್ಟ್ ಸಿಕ್ಕಿಕೊಂಡಿತ್ತು. ಹಲ್ಲಿನಿಂದಲೂ ಕಚ್ಚಿ ನೋಡಿದೆ. ದಂಡೆಯ ಮೇಲೆ ಹತ್ತು ಜನ ರೈತರಿದ್ದರು, ಒಬ್ಬರ ಕೈಯಲ್ಲೂ ಕುಡುಗೋಲಿಲ್ಲ. ಎಲ್ಲರವೂ ಪೂಜೆಗೆ ಕೂತಿದ್ದವು. ಒಬ್ಬ ಮನೆಗೆ ಓಡಿ ತರುವಷ್ಟರಲ್ಲಿ ಆಕೆ ಕೈ ಆಡಿಸುವುದು ನಿಂತಿತ್ತು.

ಮರುದಿನ ಚಾಕು ಬಂತು. ಹಿಡಿಗೆ ನೀನು ದಾರ ಸುತ್ತಿ ಕುಂಕುಮ ಇಟ್ಟಿದ್ದೆ. ನಿನ್ನ ಮುಖ ನೋಡಿದರೆ ಎಲ್ಲ ಹೇಳಿಬಿಡುತ್ತೇನೆಂದೇ ಇಡೀ ವರ್ಷ ಊರಿಗೆ ಬರಲಿಲ್ಲ. ಬಿಟ್ಟು ಬಂದವನು ನಾನು, ನೀನಲ್ಲ.

ಈ ಸಲವೂ ಕುಂಕುಮ ಇಡಬೇಕೆನಿಸಿದರೆ ಚಾಕುವಿರುವ ನನ್ನ ಜೇಬಿನ ಮೇಲೆಯೇ ಇಟ್ಟುಬಿಡು. ಅಂಗಿ ನಾನೇ ಒಗೆದುಕೊಳ್ಳುತ್ತೇನೆ.

ನಿನ್ನ ಮಗ,
ಗಾದಿಲಿಂಗ